ಪಾಲು ಕೇಳಿದಾಕೆಯ ಊರಿನಲ್ಲಿ

ಶಹಾಪುರ: ಹೊರಡುವ ಮುಂಚೆ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿಯ ರಸ್ತೆಗಳು ಎಷ್ಟು ಸ್ವಚ್ಛ ಎಂದು ಬರೆಯುತ್ತಾರೆ. ಸ್ವಿಟ್ಜರ್ಲೆಂಡಿನ ರಸ್ತೆಗಳು ಸ್ವಚ್ಛವಾಗಿಯೇ ಇವೆ. ಆ ಮಾತನ್ನು ಇಲ್ಲಿಗೇ ಮುಗಿಸುತ್ತೇನೆ. ನಾನು ಹೋದದ್ದು ಮಾತಾಡಲಿಕ್ಕೆ. ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕೆಲವರನ್ನು ಒಂದು ಸಂಸ್ಥೆ ಅಲ್ಲಿಗೆ ಕಳಿಸಿತು. ವಿಷಯ ‘ಮಹಿಳೆ ಮತ್ತು ನೀರು’. ಕಾಲುವೆ ಸೀಮೆಯ ಹುಡುಗಿ, ಮೇಲಾಗಿ ಕಾನೂನು ಓದುತ್ತಿರುವವಳು; ನನ್ನನ್ನು ಆರಿಸಲು ಅವರು ಹೆಚ್ಚು ತಲೆ ಕೆಡಿಸಿಕೊಂಡಿರಲಾರರು. ಹೆಸರು ಶಾಂತಾ. ಆ ಹೆಸರಿಟ್ಟ ತಪ್ಪು ನಮ್ಮವ್ವನದು.

ಇಂಥ ಕಾರ್ಯಕ್ರಮಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಮಹಿಳಾ ದಿನಾಚರಣೆಯ ವೇದಿಕೆಯ ಮೇಲೆ ಗಂಡಸರು ಸಾಲಾಗಿ ಕೂತು, ಕೆಳಗೆ ಕೂತ ಹೆಂಗಸರಿಗೆ ಅವರ ಶಕ್ತಿಯನ್ನು ತಿಳಿಸಿ ಹೇಳುವುದನ್ನು ಯಾದಗಿರಿಯಲ್ಲೂ ಸುರಪುರದಲ್ಲೂ ಬೇಕಾದಷ್ಟು ನೋಡಿದ್ದೇನೆ. ಆದರೂ ಹೊರಟೆ. ವಿಮಾನ ಹತ್ತುವ ಆಸೆಗೆ ತತ್ವ ಅಡ್ಡ ಬರಲಿಲ್ಲ.

ಅಡ್ಡ ಬಂದದ್ದು ಮನೆಯ ಸಂಗತಿ. ಭೀಮರಾಯನಗುಡಿಯ ಆಚೆ ಅವ್ವನ ತವರಿನ ಹೊಲ ಇದೆ. ಅಜ್ಜ ಇದ್ದಾಗ ಅದು ಜೋಳ, ತೊಗರಿ ಬೆಳೆಯುವ ಒಣ ಎರೆ ಹೊಲ. ಕೊಡುತ್ತೇನೆಂದರೂ ಹೆಣ್ಣುಮಕ್ಕಳು ಬೇಡ ಎನ್ನುವಂಥದ್ದು. ಆಮೇಲೆ ಕಾಲುವೆ ಬಂತು. ಜೋಳದ ಜಾಗಕ್ಕೆ ಭತ್ತ ಬಂತು, ಮೆಣಸಿನಕಾಯಿ ಬಂತು. ಎಕರೆಯ ಮಾತು ಬಂದರೆ ಜನ ದನಿ ತಗ್ಗಿಸತೊಡಗಿದರು. ಆಗ ಮಾಮನಿಗೆ, ಅಂದರೆ ಅವ್ವನ ಅಣ್ಣ ಶರಣಪ್ಪನಿಗೆ, ತಂಗಿಯ ಸಹಿ ಬೇಕಾಯಿತು.

ನಮ್ಮ ಕಡೆ ಇದು ನಡೆಯುವ ರೀತಿಯೇ ಬೇರೆ. ತವರಿನ ಹೊಲದಲ್ಲಿ ನನ್ನ ಹಕ್ಕು ಬಿಟ್ಟಿದ್ದೇನೆ ಎಂದು ಹೆಣ್ಣುಮಗಳು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಮಾಡುತ್ತಾಳೆ. ಅಣ್ಣ ಅವಳನ್ನು ಮನೆಗೆ ಕರೆದೊಯ್ಯುತ್ತಾನೆ. ಅತ್ತಿಗೆ ಹೊಸ ಸೀರೆ ಕೊಟ್ಟು, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾಳೆ. ಎಲ್ಲರೂ ಅಳುತ್ತಾರೆ. ಮುಂದೆ ಪ್ರತಿ ವರ್ಷ ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ. ಇದರಲ್ಲಿ ಬಲವಂತ ಎಲ್ಲಿದೆ, ತೋರಿಸು ಎಂದರೆ ಯಾವ ವಕೀಲನೂ ತೋರಿಸಲಾರ.

ಅವ್ವ ಅಂಗನವಾಡಿ ಸಹಾಯಕಿ. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ನನ್ನನ್ನು ಓದಿಸಿದವಳು. ಹರೆಯದಲ್ಲಿ ಸಂಘದ ಹೆಂಗಸರ ಜೊತೆ ಸೇರಿ ಸಾರಾಯಿ ಅಂಗಡಿಗೆ ಬೀಗ ಜಡಿದಿದ್ದಳು. ಗುತ್ತಿಗೆದಾರನ ಆಳುಗಳು ಬಡಿಗೆ ಹಿಡಿದು ಬಂದಾಗ ಬಾಗಿಲಿಗೆ ಅಡ್ಡ ಕೂತಿದ್ದಳು. ಅಂಥವಳು ಅಣ್ಣನ ಮುಂದೆ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತ ನಿಲ್ಲುತ್ತಿದ್ದಳು.

‘ನೋಡವಾ ನೀಲಾ, ನಾ ಏನು ಕಸಗೊಳ್ಳಾಕತ್ತೇನೇನು?’ ಎಂದ ಮಾಮ ಅವ್ವನಿಗೆ, ನಾನು ಹೊರಡುವ ಮುಂಚಿನ ವಾರ ಬಂದು ಕೂತು. ‘ಅವ್ವ ಹಾಸಿಗಿ ಹಿಡದಾಗ ನಾನs ನೋಡೀನಿ. ಹೊಲ ಮಟ್ಟ ಮಾಡಿ ನೀರು ಕೂಡಿಸಿದಾವ ನಾನು. ನೀ ಒಂದು ಸಹಿ ಹಾಕಿದಿ ಅಂದ್ರ ಮುಗೀತು.’

‘ಮಾಮ, ಅಜ್ಜಿ ಸೇವಾ ಮಾಡಿದ್ದಕ್ಕ ಪುಣ್ಯ ಬರ್ತದ, ಹೊಲ ಬರಂಗಿಲ್ಲ’ ಎಂದೆ.

‘ಈಕಿ ನಾಲಿಗಿಗೆ ಬಹುಮಾನದ ಕಪ್ಪು ಕೊಟ್ಟು ಕೊಟ್ಟು ಕೆಡಿಸ್ಯಾರ ನೋಡು’ ಎಂದು ಅವನು ನಕ್ಕ. ಅವ್ವ ಚಹಾ ಸೋಸುವ ನೆಪದಲ್ಲಿ ಒಳಗೆ ಹೋದಳು. ಮಾಮ ಕೆಟ್ಟವನಲ್ಲ. ಅಜ್ಜಿಯ ಮಲಮೂತ್ರ ತೆಗೆದವನು ಅವನೇ. ಎದುರಾಳಿಯ ವಾದದಲ್ಲಿ ಬಲವಿದ್ದರೆ ಅದು ನನಗೆ ಬೇಗ ಕಾಣುತ್ತದೆ, ಅದೇ ತಾಪತ್ರಯ.

ಹೈದರಾಬಾದಿನ ವಿಮಾನ ನಿಲ್ದಾಣದಿಂದ ಫೋನು ಮಾಡಿದಾಗ ಅವ್ವ ಮೆಲ್ಲಗೆ ಹೇಳಿದಳು: ‘ಮಾಮ ಸಹಿಗೆ ಸೋಮವಾರ ದಿನ ಮಾಡ್ಯಾನ.’

‘ಯಾವ ಸೋಮವಾರ?’

‘ನೀ ಅಲ್ಲಿರ್ತೀಯಲ್ಲ, ಆ ಸೋಮವಾರ.’

ಜ್ಯೂರಿಕ್

ಕಸ್ಟಮ್ಸಿನವನು ನನ್ನ ಚೀಲದಿಂದ ಗುರೆಳ್ಳು ಪುಡಿಯ ಪೊಟ್ಟಣ ತೆಗೆದು ದೀಪಕ್ಕೆ ಹಿಡಿದ. ಕಪ್ಪು ಪುಡಿ, ಎಣ್ಣೆಯ ಜಿಡ್ಡು, ಎಂಥದೋ ಘಾಟು. ತಿನ್ನುವುದು ಎಂದೆ. ಹಾಗಾದರೆ ತಿಂದು ತೋರಿಸು ಎಂಬಂತೆ ನೋಡಿದ. ರೊಟ್ಟಿಯಿಲ್ಲದೆ, ನೀರಿಲ್ಲದೆ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಅವನು ಗಾಬರಿಯಾಗಿ ಪೊಟ್ಟಣ ಮಡಚಿ ಕೊಟ್ಟ. ಕೆಳಗಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ತೆರೆಯಲೂ ಇಲ್ಲ.

ಮಾರನೆಯ ದಿನ ಒಂದು ಸಭಾಂಗಣದಲ್ಲಿ ನನ್ನ ಭಾಷಣ. ಆ ದೇಶದ ಹೆಂಗಸರಿಗೆ ಇಡೀ ದೇಶದ ಚುನಾವಣೆಯಲ್ಲಿ ಓಟು ಸಿಕ್ಕದ್ದು ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ. ಅದೂ ಗಂಡಸರೇ ಓಟು ಹಾಕಿ ‘ಆಗಲಿ’ ಅಂದ ಮೇಲೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ನಮ್ಮ ಅಜ್ಜಿ ಹೆಬ್ಬೆಟ್ಟಿನವಳಾದರೂ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದಿದ್ದಳು. ‘ಓಟಿನ ಸಾಲಿನಲ್ಲಿ ನಮ್ಮ ಅಜ್ಜಿಯರು ನಿಮ್ಮ ಅಮ್ಮಂದಿರಿಗಿಂತ ಮುಂದೆ ನಿಂತಿದ್ದರು’ ಎಂದೆ. ಚಪ್ಪಾಳೆ ಬಿತ್ತು. ಇಂಥ ಸಾಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲ ನನಗೆ ಗೊತ್ತು.

ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಕೇಳಿದಳು: ‘ನಿಮ್ಮ ತಾಯಿಯ ಹೆಸರಿನಲ್ಲಿ ಹೊಲ ಇದೆಯಾ?’

ಮಗಳಿಗೂ ಮಗನಷ್ಟೇ ಹಕ್ಕಿದೆ ಎನ್ನುವ ನಮ್ಮ ಕಾನೂನನ್ನು ವಿವರಿಸಿದೆ. ಬಹಳ ಚೆನ್ನಾಗಿ ವಿವರಿಸಿದೆ. ಆಕೆ ಕೇಳಿದ್ದು ಅದಲ್ಲ ಎಂದು ಆಕೆಗೂ ಗೊತ್ತಿತ್ತು, ನನಗೂ.

ಬೆಟ್ಟದ ಹಳ್ಳಿ

ಆಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ಹಳ್ಳಿಗಳಿಗೆ ಹಂಚಿದರು. ನನಗೆ ಸಿಕ್ಕದ್ದು ರೋನ್ ನದಿಯ ಕಣಿವೆಯ ಮೇಲೆ, ಹಳದಿ ಬಸ್ಸು ತಿರುಗಿ ತಿರುಗಿ ಹತ್ತುವ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ನನಗೆ ಮನೆಯಲ್ಲಿ ಜಾಗ ಕೊಟ್ಟಾಕೆಗೆ ಮಾತು ಕೊಟ್ಟಿದ್ದೇನೆ. ಸ್ವಿಟ್ಜರ್ಲೆಂಡೆಂದರೆ ಹಸಿರು ಎಂದುಕೊಂಡವರು ಆ ಕಣಿವೆಯನ್ನು ನೋಡಬೇಕು. ಮೋಡವೆಲ್ಲ ಬೆಟ್ಟದ ಆಚೆಯೇ ಸುರಿದು ಮುಗಿದು, ಇಲ್ಲಿಗೆ ಬರುವುದು ಗಾಳಿ ಮಾತ್ರ. ಹಾಗಾಗಿ ನೂರಾರು ವರ್ಷಗಳ ಹಿಂದೆಯೇ ಹಿಮದ ನೀರನ್ನು ಕಾಲುವೆ ಕಟ್ಟಿ ತಂದಿದ್ದಾರೆ. ನಮ್ಮ ಕಾಲುವೆಯಂತೆ ಸಿಮೆಂಟು ಬಳಿದು ಲಾರಿ ಓಡುವಷ್ಟು ಅಗಲ ಇಲ್ಲ, ಮೊಣಕಾಲುದ್ದ ಅಗಲ. ಕೆಲವು ಕಡೆ ಬಂಡೆಯ ಮೈಗೆ ಹಲಗೆಯ ದೋಣಿಯಂಥ ಕಾಲುವೆ ತೂಗುಹಾಕಿ ನೀರು ದಾಟಿಸುತ್ತಾರೆ. ಯಾರ ಹುಲ್ಲುಗಾವಲಿಗೆ ಯಾವ ಹೊತ್ತಿಗೆ ನೀರು ಎಂಬ ಸರದಿ ಇದೆ. ಸರದಿಗಾಗಿ ಜಗಳವೂ ಇದೆ. ಅಷ್ಟು ಕೇಳಿದ ಮೇಲೆ ನನಗೆ ಊರು ಬಿಟ್ಟು ಬಂದಂತೆ ಅನಿಸಲಿಲ್ಲ.

ನಾನು ಉಳಿದುಕೊಂಡದ್ದು ಮಾರ್ಗ್ರಿಟ್ ಎಂಬಾಕೆಯ ಮನೆಯಲ್ಲಿ. ಎಪ್ಪತ್ತು ದಾಟಿದ ವಿಧವೆ, ಮಕ್ಕಳಿಲ್ಲ, ಎರಡು ಹಸು. ಹರೆಯದಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದರಿಂದ ಇಂಗ್ಲಿಷ್ ಬಲ್ಲಳು. ಆಕೆಯ ಮಾತನ್ನು ನಮ್ಮ ಕಡೆಯ ಭಾಷೆಯಲ್ಲೇ ಬರೆಯುತ್ತೇನೆ, ಏಕೆಂದರೆ ನನ್ನ ಕಿವಿಗೆ ಅದು ಹಾಗೇ ಕೇಳಿತು. ಕೆಳಗಿನ ಪಟ್ಟಣದವರು ಈ ಬೆಟ್ಟದವರ ಮಾತು ಒರಟು ಎಂದು ನಗುತ್ತಾರಂತೆ.

ಮೊದಲ ಊಟಕ್ಕೆ ಕಲ್ಲಿನಂಥ ಕಪ್ಪು ರೊಟ್ಟಿ ಇಟ್ಟಳು. ಹಿಂದೆಲ್ಲ ಇಡೀ ಊರು ಸೇರಿ ಸುಟ್ಟು ತಿಂಗಳುಗಟ್ಟಲೆ ಇಡುತ್ತಿದ್ದರಂತೆ. ನಾನು ನಮ್ಮ ಕಟಕ ರೊಟ್ಟಿ ಕೊಟ್ಟೆ. ಕಟಕ್ಕೆಂದು ಮುರಿದು, ‘ನಿಮ್ಮವರೂ ಬಡವರs ಏನು?’ ಎಂದಳು. ನಾನು ತಯಾರಿಸಿಕೊಂಡು ಹೋಗಿದ್ದ ಪ್ರಶ್ನೆಗಳೆಲ್ಲ ಮರೆತುಹೋದವು.

ಕಾಲುವೆಯ ಸಂಘದಲ್ಲಿ ಆಕೆಯ ಹೆಸರಿನಲ್ಲೇ ನೀರಿನ ಸರದಿ ಇತ್ತು; ಆ ಊರಿನಲ್ಲಿ ಹಾಗೆ ಪಡೆದ ಮೊದಲ ಹೆಂಗಸು. ಚಳವಳಿಯ ಕಥೆ ಸಿಗುತ್ತದೆಂದು ನಾನು ಕಿವಿ ನಿಮಿರಿಸಿದೆ. ಒಂದು ವರ್ಷ ದೇಶದ ಹೆಂಗಸರೆಲ್ಲ ಕೆಲಸ ಬಿಟ್ಟು ಬೀದಿಗೆ ಇಳಿದಿದ್ದರಲ್ಲ, ಆವತ್ತು ನೀವೂ ಹೋಗಿದ್ದಿರಾ ಎಂದೆ.

‘ಆವತ್ತು ಹಾಲು ಹಿಂಡೀನಿ. ಆಕಳಿಗೆ ಹರತಾಳ ಗೊತ್ತಿಲ್ಲ.’

‘ಓಟಿನ ಹಕ್ಕು ಬಂದಾಗ?’

‘ಅಣ್ಣನs ಓಟು ಹಾಕಿ ಕೊಡಿಸಿದ. ಮನಿಗೆ ಬಂದು, ನೋಡು, ನಿನಗ ಓಟು ಕೊಟ್ಟೀನಿ ಅಂದ. ಓಟು ಕೊಟ್ರ ಅವನ ಹುಲ್ಲೇನು ಒಣಗಂಗಿಲ್ಲಲ್ಲ.’ ಆಕೆ ರೊಟ್ಟಿಯ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡಳು. ‘ನೀರು ಕೇಳಿದ ಮ್ಯಾಲ ಸಿಟ್ಟು ಬಂತು.’

ಅಲ್ಲಿಯ ಕಾನೂನಿನಲ್ಲೂ ಹೆಣ್ಣುಮಕ್ಕಳಿಗೆ ಪಾಲಿತ್ತು. ಆದರೆ ಆ ಮನೆಗಳಲ್ಲಿ ಹೆಣ್ಣುಮಕ್ಕಳು ಅಣ್ಣ ಕೊಟ್ಟಷ್ಟನ್ನು ತೆಗೆದುಕೊಂಡು ಹುಲ್ಲುಗಾವಲನ್ನೂ ನೀರನ್ನೂ ಅವನಿಗೇ ಬಿಡುತ್ತಿದ್ದರು. ಗಂಡ ಸತ್ತು ತವರೂರಿಗೆ ಮರಳಿದ ಮಾರ್ಗ್ರಿಟ್ ಹಾಗೆ ಬಿಡಲಿಲ್ಲ. ಕೋರ್ಟಿಗೆ ಹೋದಳು, ಗೆದ್ದಳು. ಅಣ್ಣ ಅಲೋಯಿಸನ ಮನೆ ಎದುರಿಗೇ ಇದೆ. ಮೂವತ್ತು ವರ್ಷದಿಂದ ಮಾತಿಲ್ಲ.

ಅಡುಗೆಮನೆಯಲ್ಲಿ ಆಕೆಯ ಕುರ್ಚಿ ಆ ಮನೆಯ ಬಾಗಿಲು ಕಾಣುವ ಕಿಟಕಿಗೆ ಮುಖ ಮಾಡಿತ್ತು. ‘ಮಳಿ ಬರ್ತದೇನು ನೋಡಾಕ’ ಎಂದಳು. ಆ ಊರಿಗೆ ಅಪರೂಪಕ್ಕೆ ಮಳೆ ಬಂದರೂ ಅದು ಬರುವುದು ಮನೆಯ ಹಿಂಬದಿಯ ಬೆಟ್ಟದಿಂದ.

ಕಾಲುವೆ ಹಸನು ಮಾಡುವ ದಿನ

ಬೇಸಿಗೆಯ ನೀರು ಬಿಡುವ ಮೊದಲು ಸರದಿ ಇರುವ ಮನೆಯಿಂದೆಲ್ಲ ಒಬ್ಬೊಬ್ಬರು ಬಂದು ಕಾಲುವೆಯ ಹೂಳು ತೆಗೆಯಬೇಕು. ಶನಿವಾರ ಮಾರ್ಗ್ರಿಟ್ ಗಂಡನ ಹಳೆಯ ಬೂಟು ಹಾಕಿಕೊಂಡು ಹೊರಟಳು. ನನಗೂ ಒಂದು ಸಲಿಕೆ ಸಿಕ್ಕಿತು.

ಕೆಲಸ ನಡೆಯುವ ರೀತಿ ಹೀಗೆ: ಎಲ್ಲರೂ ಸಾಲಾಗಿ ನಿಂತು, ಬಿದ್ದ ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಬಿಳಿ ಮೀಸೆಯ ಅಲೋಯಿಸ್ ಬಂದು ನಿಂತದ್ದು ಮಾರ್ಗ್ರಿಟಳ ಪಕ್ಕದಲ್ಲಿ. ಹಾದಿ ಅಲ್ಲಿ ಇಕ್ಕಟ್ಟು, ಬೇರೆ ಜಾಗವಿರಲಿಲ್ಲ. ಕಲ್ಲು ಅವನ ಕೈಗೆ ಬಂತು. ಅವನು ಅದನ್ನು ತಂಗಿಯ ಕೈಗೆ ಕೊಡಲಿಲ್ಲ. ನೆಲದ ಮೇಲೆ ಇಟ್ಟ. ಮಾರ್ಗ್ರಿಟ್ ಬಗ್ಗಿ ಎತ್ತಿಕೊಂಡು ಮುಂದಿನವನಿಗೆ ಕೊಟ್ಟಳು. ಮುಂದಿನ ಕಲ್ಲು. ಮತ್ತೆ ನೆಲ. ಮತ್ತೆ ಆಕೆ ಬಗ್ಗಿದಳು. ಯಾರಿಗೂ ಇದು ಹೊಸದಾಗಿರಲಿಲ್ಲ. ಎಪ್ಪತ್ತು ದಾಟಿದ ಸೊಂಟ ಅದು. ನಾನು ನಡುವೆ ನುಸುಳಲು ಹೋದರೆ ಆಕೆ ಮೊಣಕೈಯಿಂದ ಹಿಂದೆ ತಳ್ಳಿದಳು.

‘ಇದು ನನ್ನ ಜಾಗ. ನೀ ಆಕಡಿ ಸರಿ’ ಎಂದಳು.

ಭೀಮರಾಯನಗುಡಿಯ ಕಾಲುವೆಯ ದಂಡೆಯಲ್ಲಿ ನೀರಿಗಾಗಿ ಕೊಡಲಿ ಎತ್ತಿದವರನ್ನು ನೋಡಿದ್ದೇನೆ. ಅವರು ಬೈಯುತ್ತಾರೆ, ತಾಯಿ ಅಕ್ಕ ಎಂದು ಎತ್ತಿ ಆಡುತ್ತಾರೆ, ಸಂಜೆಗೆ ಯಾರೋ ಹಿರಿಯರು ಬಂದು ಬಿಡಿಸುತ್ತಾರೆ. ಇಲ್ಲಿ ಯಾರೂ ಬೈಯಲಿಲ್ಲ. ಅದಕ್ಕೇ ಬಿಡಿಸುವವರೂ ಇರಲಿಲ್ಲ.

ಡಬ್ಬಿ

ನಾನು ಮಾಡಿದ ತಪ್ಪನ್ನು ನಮ್ಮ ಸೀಮೆಯವರು ಮಾತ್ರ ಮಾಡಬಲ್ಲರು. ನಮ್ಮಲ್ಲಿ ಮುನಿದ ಮನೆಗೆ ಮೂರನೆಯವರ ಕೈಯಲ್ಲಿ ತಿನ್ನುವುದನ್ನು ಕಳಿಸುತ್ತಾರೆ. ಡಬ್ಬಿಯನ್ನು ಯಾರೂ ಖಾಲಿ ಮರಳಿಸುವುದಿಲ್ಲ. ಏನಿಲ್ಲವೆಂದರೂ ಒಂದು ಹಿಡಿ ಸಕ್ಕರೆ ಹಾಕುತ್ತಾರೆ. ಸಕ್ಕರೆ ಬಂತೆಂದರೆ ಮಾತಿನ ಬಾಗಿಲು ತೆರೆಯಿತು. ಆ ಸಂಜೆ ಮಾರ್ಗ್ರಿಟ್ ದನದ ಕೊಟ್ಟಿಗೆಯಲ್ಲಿದ್ದಾಗ, ಅವ್ವ ಕಟ್ಟಿದ್ದ ಶೇಂಗಾ ಹೋಳಿಗೆಯ ಸ್ಟೀಲ್ ಡಬ್ಬಿ ಹಿಡಿದು ಎದುರು ಮನೆಯ ಬಾಗಿಲು ಬಡಿದೆ. ಅಲೋಯಿಸನ ಹೆಂಡತಿ ತೆರೆದಳು. ನನ್ನನ್ನು ನೋಡಿದಳು, ಎದುರು ಮನೆಯನ್ನು ನೋಡಿದಳು, ಡಬ್ಬಿ ತೆಗೆದುಕೊಂಡಳು.

ಭಾನುವಾರ ಬೆಳಿಗ್ಗೆ ಡಬ್ಬಿ ನಮ್ಮ ಮೆಟ್ಟಿಲ ಮೇಲಿತ್ತು. ತೊಳೆದು, ಒರೆಸಿ, ಮುಚ್ಚಳ ಬಿಗಿಮಾಡಿ ಇಟ್ಟಿದ್ದರು. ಒಳಗೆ ಏನೂ ಇರಲಿಲ್ಲ.

‘ಯಾರು ಹೇಳ್ಯಾರ ನಿನಗ?’ ಮಾರ್ಗ್ರಿಟ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ‘ನಾನs ಕಳಿಸೀನಿ ಅಂತ ತಿಳಕೊಂಡಾರ ಅವರು. ಮೂವತ್ತು ವರ್ಷ ನಾ ಆ ಬಾಗಲ ಬಡದಿಲ್ಲ. ತಪ್ಪು ನಂದು ಅಂತ ಒಪ್ಪಿಕೊಂಡಂಗ ಆತು.’

ನಾನು ಸಕ್ಕರೆಯ ವಿಷಯ ಹೇಳಿದೆ. ಆಕೆ ಡಬ್ಬಿ ತೆರೆದಳು, ಮತ್ತೊಮ್ಮೆ ಒಳಗೆ ನೋಡಿದಳು. ಮುಚ್ಚಳವನ್ನು ಮೂಗಿನ ಹತ್ತಿರ ಹಿಡಿದು ಸಾಬೂನಿನ ವಾಸನೆ ನೋಡಿದಳು. ಸಿಟ್ಟು ಎಲ್ಲಿ ಹೋಯಿತೋ. ಎದ್ದು ಡಬ್ಬಿಯನ್ನು ತನ್ನ ಪಿಂಗಾಣಿ ತಟ್ಟೆಗಳ ಪಕ್ಕದಲ್ಲಿಟ್ಟಳು.

‘ಇದು ಇಲ್ಲೇ ಇರ್ಲಿ’ ಎಂದಳು. ‘ಅವನ ಮನ್ಯಾಗಿಂದ ಬಂದದ್ದು ಇದೊಂದs.’

ಭಾನುವಾರದ ಫೋನು

ಅವ್ವನ ಸಹಿಗೆ ಉಳಿದದ್ದು ಒಂದು ರಾತ್ರಿ. ಮಧ್ಯಾಹ್ನ ಮಾರ್ಗ್ರಿಟಳ ಅಡುಗೆಮನೆಯಿಂದ ಫೋನು ಮಾಡಿದೆ. ನನ್ನ ತಲೆಯಲ್ಲಿ ವಾದ ಸಿದ್ಧವಿತ್ತು: ಇಲ್ಲೊಬ್ಬಾಕೆ ಕೇಳಿದಳು, ಗೆದ್ದಳು, ತನ್ನ ನೀರು ತಾನೇ ಹಾಯಿಸುತ್ತಾಳೆ. ಅಷ್ಟೇ ಹೇಳಿದ್ದರೆ ನನ್ನ ಕಡೆ ಗೆಲ್ಲುತ್ತಿತ್ತು. ಅವ್ವ ವಿಡಿಯೋದಲ್ಲಿ ಆಕೆಯನ್ನು ನೋಡಬೇಕೆಂದಳು. ಭಾಷೆಯಿಲ್ಲದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿ ಸುಮ್ಮನೆ ತಲೆಯಾಡಿಸಿದರು. ಅದಾದ ಮೇಲೆ ಅರ್ಧ ಮಾತ್ರ ಹೇಳಲು ನನ್ನಿಂದ ಆಗಲಿಲ್ಲ. ನೆಲದ ಮೇಲಿಟ್ಟ ಕಲ್ಲಿನ ಮಾತನ್ನೂ, ಮೂವತ್ತು ವರ್ಷದ ಮಾತನ್ನೂ, ಹೋಳಿಗೆ ಡಬ್ಬಿಯ ಮಾತನ್ನೂ ಹೇಳಿದೆ.

‘ಡಬ್ಬಿ ಖಾಲಿ ಬಂತಾ?’ ಅವ್ವನಿಗೆ ತಟ್ಟಿದ್ದು ಅದು.

‘ಹೂಂ. ತೊಳದು ಇಟ್ಟಿದ್ರು.’

‘ಒಂದು ಕಾಳು ಸಕ್ಕರಿನೂ ಇಲ್ಲ?’

‘ಇಲ್ಲವ್ವ.’

ಅವ್ವನ ಮನೆಯ ಹೊರಗೆ ಯಾರದೋ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋದದ್ದು ಅಷ್ಟು ದೂರಕ್ಕೂ ಕೇಳಿತು.

‘ಅವ್ವ, ನಾ ಏನೂ ಹೇಳಂಗಿಲ್ಲ. ನಿನಗ ಹೆಂಗ ಅನಸ್ತದ ಹಂಗ ಮಾಡು.’

‘ಇಪ್ಪತ್ತು ವರ್ಷದಾಗ ಇದೊಂದು ಮಾತು ಹೊಸಾದು ಕೇಳೀನಿ ನಿನ್ನ ಬಾಯಾಗ’ ಎಂದಳು. ನಗಲಿಲ್ಲ. ‘ಶಾಂತಾ, ಅಣ್ಣ ನನ್ನ ಮ್ಯಾಲ ಇಟ್ಟ ಮಾಯೆ ಮಮತೆ ಒಂದು ಸಹಿ ಮ್ಯಾಲ ನಿಂತದ ಅಂದ್ರ, ಅದು ಯಾವಾಗರ ಬೀಳೂದs. ಇದ್ದದ್ದು ಖರೆ ಏನು ಸುಳ್ಳೇನು, ನನಗೂ ಒಮ್ಮೆ ನೋಡಬೇಕಾಗ್ಯದ.’

ಸೋಮವಾರ ಅವಳು ಆಫೀಸಿಗೆ ಹೋಗಲಿಲ್ಲ. ಎಂದಿನಂತೆ ಅಂಗನವಾಡಿಗೆ ಹೋಗಿ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಹಾಕಿದಳು. ಮಾಮ ಆಫೀಸಿನ ಮುಂದೆ ಬೇವಿನ ಗಿಡದ ಕೆಳಗೆ ಸಂಜೆಯವರೆಗೆ ಕೂತಿದ್ದನಂತೆ.

ಮರಳಿ ಶಹಾಪುರ

ಅವ್ವ ತನ್ನ ಪಾಲು ಕೇಳಿದಳು; ಹಿರಿಯರು ಕೂತು ಪಾಲು ಮಾಡಿದರು. ಕಾನೂನಿಗೆ ಹೆದರಿ ಅರ್ಧ ಕೊಟ್ಟರು. ಆದರೆ ಕೊಟ್ಟದ್ದು ಕಾಲುವೆಯ ಬಾಲದ ಕಡೆಯ ಅರ್ಧ. ಮೇಲಿನ ಹೊಲಗಳೆಲ್ಲ ಕುಡಿದು ಬಿಟ್ಟ ನೀರು ಅಲ್ಲಿಗೆ ಬಂದರೆ ಬಂತು. ನಾನು ವಾದಿಸಿದೆ. ‘ಅಳತಿ ಬರೋಬ್ಬರಿ ಅದ ಇಲ್ಲೋ ತಂಗಿ?’ ಎಂದರು. ಬರೋಬ್ಬರಿ ಇತ್ತು. ಮಾಮ ತಲೆ ತಗ್ಗಿಸಿ ಕೂತಿದ್ದ. ಎದ್ದು ಹೋಗುವಾಗ ಅವ್ವನ ಚಪ್ಪಲಿಯ ಪಕ್ಕದಲ್ಲಿದ್ದ ತನ್ನ ಚಪ್ಪಲಿಯನ್ನು ಕಾಲಿನಿಂದ ಸರಿಸಿ, ಆಚೆ ಹೋಗಿ ಹಾಕಿಕೊಂಡ.

ಕಾಲುವೆಗೆ ನೀರು ಬಿಟ್ಟರು. ಅವ್ವನ ಹೊಲದ ಅಂಚಿಗೆ ಬಂದದ್ದು ಒದ್ದೆ ಮಣ್ಣಿನ ಬಣ್ಣ ಮಾತ್ರ.

ಶ್ರಾವಣ ಬಂತು. ಪಂಚಮಿಯ ಮುನ್ನಾ ದಿನ ನಮ್ಮ ಓಣಿಗೆ ಬೆಳಗಿನಿಂದ ಬೈಕುಗಳು ಬರುತ್ತಿದ್ದವು. ಒಬ್ಬೊಬ್ಬ ಅಣ್ಣ ಬಂದು ತನ್ನ ತಂಗಿಯನ್ನು ಕೂಡಿಸಿಕೊಂಡು ಹೋಗುತ್ತಿದ್ದ. ಪಕ್ಕದ ಮನೆಯ ಕಾಶಮ್ಮ ಹೊಸ ಸೀರೆಯ ನಿರಿಗೆ ಹಿಡಿದು ಕೇಳಿಯೇಬಿಟ್ಟಳು: ‘ನೀಲಕ್ಕ, ಶರಣಪ್ಪ ಇನ್ನೂ ಬಂದಿಲ್ಲೇನು?’

‘ಹೊಲದಾಗ ಕೆಲಸ ಇರ್ತದವಾ’ ಎಂದಳು ಅವ್ವ.

ಅವಳು ಎಳ್ಳುಂಡಿ ಕಟ್ಟುತ್ತಿದ್ದಳು. ಇಬ್ಬರ ಮನೆಗೆ ಅಷ್ಟು ಉಂಡಿ ಯಾಕೆಂದು ನಾನು ಕೇಳಲಿಲ್ಲ. ಪ್ರತಿ ಬೈಕಿನ ಸದ್ದಿಗೆ ಅವಳ ಕೈ ನಿಲ್ಲುತ್ತಿತ್ತು, ಸದ್ದು ದಾಟಿಹೋದ ಮೇಲೆ ಮತ್ತೆ ನಡೆಯುತ್ತಿತ್ತು. ಮಧ್ಯಾಹ್ನವಾಯಿತು. ಓಣಿಯಲ್ಲಿ ಕರೆಯಬೇಕಾದವರನ್ನೆಲ್ಲ ಕರೆದುಕೊಂಡು ಹೋಗಿ ಮುಗಿದಿತ್ತು.

‘ಶಾಂತಾ.’

‘ಏನವ್ವ?’

‘ಆ ಮುದುಕಿ ನಿನ್ನ ಫೋನಿಗೆ ಸಿಗ್ತಾಳಲ್ಲ?’

‘ಸಿಗ್ತಾಳ. ಯಾಕ?’

ಅವ್ವ ಬೆಲ್ಲದ ಕೈಯನ್ನು ಪಾತ್ರೆಯ ಅಂಚಿಗೆ ಒರೆಸಿದಳು.

‘ಎಷ್ಟು ವರ್ಷಕ್ಕ ಬಾಗಲ ಕಡಿ ನೋಡೂದು ಬಿಟ್ಟಳಂತ ಕೇಳು.’

‘ಕೇಳ್ತೀನಿ’ ಎಂದೆ. ಫೋನು ನನ್ನ ಕೈಯಲ್ಲೇ ಇತ್ತು, ಕಿಟಕಿಗೆ ಮುಖ ಮಾಡಿದ ಆ ಕುರ್ಚಿ ಕಣ್ಣಲ್ಲಿತ್ತು. ಅದನ್ನು ಮಗುಚಿ ನೆಲದ ಮೇಲಿಟ್ಟು, ಅವಳ ಪಕ್ಕದಲ್ಲಿ ಕೂತು ಉಂಡಿ ಕಟ್ಟತೊಡಗಿದೆ.